ಕೇಳಿಸಿದ ಹಾಗೆ ನಟಿಸುವುದನ್ನು ಬಿಟ್ಟ ಮೇಲೆ

ನಾನು ಕಿವುಡಿ. ಹೊಸಬರು ಯಾರೇ ಸಿಗಲಿ, ಹೆಸರು ಹೇಳುವುದಕ್ಕಿಂತ ಮುಂಚೆ ಇದನ್ನು ಹೇಳಿಬಿಡುತ್ತೇನೆ. ಆಟೋದವರಿಗೆ, ಮೆಡಿಕಲ್ ಸ್ಟೋರಿನವರಿಗೆ, ಮಗಳ ಶಾಲೆಯ ಟೀಚರಿಗೆ, ಎಲ್ಲರಿಗೂ. ಕಿವಿ ಕಡೆ ಬೆರಳು ತೋರಿಸಿ, ಇಲ್ಲ ಅಂತ ಕೈ ಆಡಿಸಿ, ಫೋನಿನಲ್ಲಿ ಬರೆದು ತೋರಿಸುತ್ತೇನೆ. ಮೊದಲು ಹೀಗಿರಲಿಲ್ಲ. ಎಷ್ಟೋ ವರ್ಷ ನನ್ನ ಶಕ್ತಿಯೆಲ್ಲ ಕಿವಿ ಕೇಳುವವಳ ಹಾಗೆ ಕಾಣಿಸಿಕೊಳ್ಳುವುದಕ್ಕೇ ಖರ್ಚಾಗುತ್ತಿತ್ತು. ಈಗ ನಾನು ಸನ್ನೆ ಭಾಷೆ ಕಲಿಸುತ್ತೇನೆ. ಕಿವುಡ ಮಕ್ಕಳ ಅಪ್ಪ ಅಮ್ಮಂದಿರು ನನ್ನ ಕ್ಲಾಸಿಗೆ ಬರುತ್ತಾರೆ. "ಮೇಡಂ, ನೀವು ಇಷ್ಟು ಧೈರ್ಯವಾಗಿ ಇದ್ದೀರಲ್ಲ, ನಮ್ಮ ಮಗಳೂ ಹೀಗಾಗಬೇಕು, ಏನು ಮಾಡಬೇಕು" ಅಂತ ಬರೆದು ಕೇಳುತ್ತಾರೆ. ನಾನು ಏನು ಮಾಡಿದೆ ಅನ್ನುವುದನ್ನು ಹೇಳಬಲ್ಲೆ.

ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಮೆದುಳು ಜ್ವರ ಬಂತು, ಜ್ವರ ಬಿಟ್ಟಾಗ ಕಿವಿಯೂ ಹೋಗಿತ್ತು. ಅಪ್ಪ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಆಗಿದ್ದರೆ ಈಗಿನ ಕಾನೂನಿನ ಪ್ರಕಾರ ಕಿವುಡು. ನನ್ನದು 90 ದಾಟಿದೆ. ಎದೆ ಮೇಲೆ ಚಿಕ್ಕ ಚೀಲದಲ್ಲಿ ಮಿಷನ್, ಅಲ್ಲಿಂದ ಕಿವಿಗೆ ವೈರು, ಹೀಗೆ ಶಾಲೆಗೆ ಹೋಗುತ್ತಿದ್ದೆ. ಅದರಲ್ಲಿ ಲಾರಿ ಹಾರನ್ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ತುಟಿ ನೋಡಿ ಅರ್ಥ ಮಾಡಿಕೊಳ್ಳಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ, ಅಷ್ಟೇ. ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ, "ಮಳೆ" ಅನ್ನಿ. ಆಮೇಲೆ "ಬಳೆ" ಅನ್ನಿ. ತುಟಿ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯುತ್ತದೆ. ಪ, ಬ, ಮ ಮೂರೂ ಕಣ್ಣಿಗೆ ಒಂದೇ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುತ್ತವೆ, ಹೊರಗಿನಿಂದ ಕಾಣಿಸುವುದೇ ಇಲ್ಲ. ಮನೆಗೆ ಬಂದವರು ಮಾವನೋ ಭಾವನೋ ಅನ್ನುವುದು ಅಮ್ಮನ ತುಟಿಯಿಂದ ನನಗೆ ಗೊತ್ತಾಗುವುದಿಲ್ಲ. ಮಾತಾಡುವವರಿಗೆ ದಪ್ಪ ಮೀಸೆ ಇದ್ದರೆ, ಬಾಯಲ್ಲಿ ಎಲೆ ಅಡಿಕೆ ಇದ್ದರೆ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದರೆ ಮುಗಿದೇ ಹೋಯಿತು. ಸಿಕ್ಕಿದ ಎರಡು ಮೂರು ಮಾತು ಹಿಡಿದು ಉಳಿದದ್ದನ್ನು ಊಹಿಸಬೇಕು, ಅಷ್ಟರಲ್ಲಿ ಮಾತು ಇನ್ನೊಬ್ಬರ ಬಾಯಿಗೆ ಹೋಗಿರುತ್ತದೆ. ಸಂಜೆ ಹೊತ್ತಿಗೆ ಕಣ್ಣು ಉರಿ, ತಲೆನೋವು.

ಹಾಗಾಗಿ ತಲೆ ಆಡಿಸುವುದು ಅಭ್ಯಾಸವಾಗುತ್ತದೆ. ಯಾರೇ ಏನೇ ಹೇಳಲಿ, ಹೂಂ. ಮದುವೆ ಮನೆಯಲ್ಲಿ ಎಲ್ಲರೂ ನಕ್ಕರೆ ನಾನೂ ನಗುತ್ತಿದ್ದೆ. ಏನಾಯ್ತು ಅಂತ ಅತ್ತಿಗೆಯ ಸೆರಗು ಎಳೆದು ಕೇಳಿದರೆ "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಅನ್ನುತ್ತಿದ್ದರು. ಆ ಎರಡು ಮಾತು ಮಾತ್ರ ತುಟಿ ಮೇಲೆ ಸ್ಪಷ್ಟವಾಗಿ ಓದಲು ಬರುತ್ತದೆ, ಅಷ್ಟು ಸಲ ನೋಡಿದ್ದೇನೆ. ನನಗೆ ಗೊತ್ತಿರುವ ಕಿವುಡರ ಮನೆಗಳಲ್ಲೆಲ್ಲ ಇದೇ ಕಥೆ. ಯಾರಿಗೂ ಕೆಟ್ಟ ಮನಸ್ಸಿರುವುದಿಲ್ಲ. ಆದರೆ ಆ "ಆಮೇಲೆ" ಬರುವುದೇ ಇಲ್ಲ.

ಶಾಲೆಯಲ್ಲಿ ಸನ್ನೆ ಮಾಡುವ ಹಾಗಿರಲಿಲ್ಲ. ಕೈ ತೊಡೆ ಮೇಲೆ ಇಟ್ಟುಕೊಂಡು ಕೂರಬೇಕು. ಟೀಚರ್ ನಮ್ಮ ಬಾಯಿ ಮುಂದೆ ಕಾಗದದ ಚೂರು ಹಿಡಿದು "ಪ" ಅನ್ನಿಸುತ್ತಿದ್ದರು, ಕಾಗದ ಅಲುಗಿದರೆ ಸರಿ. ಕೈ ಎತ್ತಿದರೆ ಸ್ಕೇಲಿನಿಂದ ಏಟು. ಇದರ ಬೇರು ಎಲ್ಲಿದೆ ಅಂತ ನನಗೆ ದೊಡ್ಡವಳಾದ ಮೇಲೆ ಗೊತ್ತಾಯಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಸಮ್ಮೇಳನ ಸೇರಿ, ಇನ್ನು ಮೇಲೆ ಬಾಯಿ ಮಾತಿನಲ್ಲೇ ಕಲಿಸಬೇಕು, ಸನ್ನೆ ಬೇಡ ಅಂತ ತೀರ್ಮಾನ ಮಾಡಿತು. ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಆ ತೀರ್ಮಾನವನ್ನು ತಳ್ಳಿಹಾಕಿ ವಿಷಾದ ಹೇಳಿತು. ಮಧ್ಯದ 130 ವರ್ಷದಲ್ಲಿ ಎಷ್ಟು ದೇಶದ ಎಷ್ಟು ಮಕ್ಕಳ ಕೈ ಕಟ್ಟಿದ್ದಾರೆ ನೋಡಿ. ಅರಸೀಕೆರೆಯ ಹುಡುಗಿಯೂ ಆ ಲೆಕ್ಕಕ್ಕೆ ಸೇರಿದ್ದಾಳೆ.

ಆದರೂ ಭಾಷೆ ಹೇಗೋ ದಾಟಿಕೊಂಡು ಬಂತು. ಹಾಸ್ಟೆಲಿನಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ನಾವು ಬಚ್ಚಲುಮನೆಯ ಬಲ್ಬಿನ ಕೆಳಗೆ ಸೇರುತ್ತಿದ್ದೆವು. ದೊಡ್ಡ ಹುಡುಗಿಯರು ಅವರ ಊರಿನ ಜಾತ್ರೆ, ಜಗಳ, ನೋಡಿ ಬಂದ ಸಿನಿಮಾ ಎಲ್ಲ ಕೈಯಲ್ಲಿ ಹೇಳುತ್ತಿದ್ದರು. ಒಂದು ಕಥೆಯನ್ನು ಮೊದಲಿನಿಂದ ಕೊನೆವರೆಗೆ ಏನೂ ಬಿಟ್ಟುಹೋಗದ ಹಾಗೆ ನಾನು ತಿಳಿದುಕೊಂಡಿದ್ದು ಅಲ್ಲೇ ಮೊದಲು. ನನಗೆ ಸೈನ್ ಹೆಸರು ಕೊಟ್ಟವರೂ ಅವರೇ. ನಮ್ಮಲ್ಲಿ ಆ ಹೆಸರನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಕಿವುಡರೇ ನೋಡಿ ಕೊಡಬೇಕು. ನನ್ನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ತೋರುಬೆರಳನ್ನು ಅಲ್ಲಿ ಒತ್ತಿ ಸ್ವಲ್ಪ ತಿರುಗಿಸಿದರೆ ಅದು ನಾನು. ಇವತ್ತಿಗೂ ಅದೇ ನನ್ನ ಹೆಸರು. ರೇಷನ್ ಕಾರ್ಡಿನಲ್ಲಿರುವುದು ಇನ್ನೊಂದು.

ಓದು ಮುಗಿಸಿ ಒಂದು ಆಫೀಸಿನಲ್ಲಿ ಡಾಟಾ ಎಂಟ್ರಿಗೆ ಸೇರಿದೆ. ಅಲ್ಲೂ ಹೂಂ ಹೂಂ. ನಿಜವಾದ ಬದಲಾವಣೆ ಬಂದಿದ್ದು ಸನ್ನೆ ಭಾಷೆ ಕಲಿಸುವ ಡಿಪ್ಲೊಮಾಗೆ ಹೋದಾಗ. ಆ ಕೋರ್ಸು ಇರುವುದೇ ಕಿವುಡರಿಗೆ. ಪಾಠ ಮಾಡಲು ಬಂದವರು ಕಿವುಡರು! ಅಲ್ಲಿವರೆಗೆ ನನ್ನ ಜೀವನದಲ್ಲಿ ಕಿವುಡ ಟೀಚರನ್ನು ನೋಡಿರಲಿಲ್ಲ. ನಮ್ಮ ಸನ್ನೆಗೆ ವ್ಯಾಕರಣ ಇದೆ ಅಂತ ಅವರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಕಾಲ ಮೊದಲು ಬರುತ್ತದೆ, ಪ್ರಶ್ನೆ ಕೊನೆಗೆ ಬರುತ್ತದೆ. ನಾಳೆ, ನೀನು, ಹೋಗು, ಎಲ್ಲಿ. ಹುಬ್ಬು ಎತ್ತಿದರೆ ಒಂದು ಅರ್ಥ, ಗಂಟಿಕ್ಕಿದರೆ ಇನ್ನೊಂದು. ಇಷ್ಟು ವರ್ಷ ಬಚ್ಚಲುಮನೆಯಲ್ಲಿ ಬಚ್ಚಿಟ್ಟುಕೊಂಡು ಆಡಿದ ಮಾತು ಒಂದು ಪೂರ್ತಿ ಭಾಷೆ ಅಂತ ಗೊತ್ತಾದ ಮೇಲೆ ಬೆನ್ನು ತಾನಾಗೇ ನೆಟ್ಟಗಾಯಿತು. ಹೆಮ್ಮೆ ಅಂತ ನಾನು ಹೇಳುವುದು ಅದನ್ನೇ. ಕಿವುಡಿಯಾದರೂ ಸಾಧಿಸಿದಳು ಅಂತ ಸನ್ಮಾನ ಮಾಡುತ್ತಾರಲ್ಲ, ಅದು ಬೇರೆ.

ಆಮೇಲೆ ಒಂದೊಂದಾಗಿ ಶುರು ಮಾಡಿದೆ. ಮೊದಲು ತಲೆ ಆಡಿಸುವುದನ್ನು ನಿಲ್ಲಿಸಿದೆ. ಅರ್ಥವಾಗದಿದ್ದರೆ "ಅರ್ಥವಾಗಲಿಲ್ಲ, ಬರೆದು ಕೊಡಿ" ಅನ್ನುತ್ತೇನೆ, ಎರಡನೇ ಸಲ ಅರ್ಥವಾಗದಿದ್ದರೆ ಎರಡನೇ ಸಲವೂ ಅನ್ನುತ್ತೇನೆ. ಕೇಳಲು ತುಂಬಾ ಸುಲಭ ಅನ್ನಿಸುತ್ತದೆ, ಆದರೆ ಬ್ಯಾಂಕಿನ ಕೌಂಟರಿನಲ್ಲಿ ಹಿಂದೆ ಉದ್ದ ಸಾಲು ಇರುವಾಗ ಮಾಡಿ ನೋಡಿ. ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ ಆಪ್ ಇದೆ, ಎದುರಿನವರು ಹೇಳಿದ್ದು ಕನ್ನಡದಲ್ಲೇ ಅಕ್ಷರವಾಗಿ ಮೂಡುತ್ತದೆ. ಗದ್ದಲ ಇದ್ದರೆ ತಪ್ಪು ತಪ್ಪು ಬರುತ್ತದೆ, ಆದರೂ ಬಹಳ ಕೆಲಸಕ್ಕೆ ಬರುತ್ತದೆ. ಬಸ್ಸಿನಲ್ಲಿ ನಾನೂ ನಮ್ಮ ಯಜಮಾನರೂ (ಅವರೂ ಕಿವುಡರು) ಮೊದಲೆಲ್ಲ ಸೊಂಟದ ಹತ್ತಿರ ಕೈ ಇಟ್ಟುಕೊಂಡು ಚಿಕ್ಕದಾಗಿ ಸೈನ್ ಮಾಡುತ್ತಿದ್ದೆವು. ಈಗ ಪೂರ್ತಿ ಕೈ ಎತ್ತಿಯೇ ಮಾತಾಡುತ್ತೇವೆ. ಜನ ನೋಡುತ್ತಾರೆ. ನೋಡಲಿ ಬಿಡಿ.

ಮನೆ ಮಾತ್ರ ಕಷ್ಟವಾಯಿತು. ಅಮ್ಮನಿಗೂ ನನಗೂ ಮಧ್ಯೆ ಮನೆಯದೇ ಒಂದಷ್ಟು ಸನ್ನೆ ಇತ್ತು. ಮೀಸೆ ತಿರುವಿದರೆ ಅಪ್ಪ, ಬಾಗಿದ ಬೆನ್ನು ಮಾಡಿದರೆ ಅಜ್ಜಿ. ಊಟ, ನೀರು, ದನ, ಸ್ಕೂಲು. ಅಷ್ಟರಲ್ಲಿ ದಿನ ಸಾಗುತ್ತದೆ, ಆದರೆ ಮನಸ್ಸಿನ ಮಾತು ಆಡಲಾಗುವುದಿಲ್ಲ. ನಾನು ಹಾಸ್ಟೆಲಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ರಜೆಗೆ ಬಂದಾಗ ಅಮ್ಮ ಬೆನ್ನು ಬಾಗಿಸಿ ತೋರಿಸಿದಳು, ಕಣ್ಣು ಮುಚ್ಚಿ ಕೈ ಮೇಲಕ್ಕೆ ತೋರಿಸಿದಳು. ಹೇಗೆ, ಯಾವಾಗ, ಕಾಯಿಲೆ ಏನಿತ್ತು, ಒಂದೂ ಗೊತ್ತಾಗಲಿಲ್ಲ. ಡಿಪ್ಲೊಮಾ ಮುಗಿಸಿ ಬಂದ ಮೇಲೆ ನಾನು ಹಟ ಹಿಡಿದು ಅಮ್ಮನಿಗೆ ಸೈನ್ ಕಲಿಸಿದೆ. ಸೊಪ್ಪು ಬಿಡಿಸುತ್ತಾ, ಅವರೆಕಾಯಿ ಸುಲಿಯುತ್ತಾ. ಅಮ್ಮ ಅಕ್ಷರ ಕಲಿತವಳಲ್ಲ, ಬರೆದು ತೋರಿಸಲು ಅವಳಿಗೆ ಬರುವುದಿಲ್ಲ. ಈ ವಯಸ್ಸಿನಲ್ಲಿ ಬೆರಳು ಬಗ್ಗುವುದಿಲ್ಲ ಅನ್ನುತ್ತಿದ್ದಳು. ಬಗ್ಗಿತು. ಒಂದು ಮಧ್ಯಾಹ್ನ ಅವಳೇ ಅಜ್ಜಿಯ ವಿಷಯ ತೆಗೆದು, ನಿಧಾನವಾಗಿ, ತಡವರಿಸಿ, ಕೊನೆಯ ದಿನ ಅಜ್ಜಿ ನನ್ನನ್ನು ಕೇಳಿದ್ದಳು ಅಂತ ಹೇಳಿದಳು. ಮಗುವನ್ನು ಕರೆಸಿ ಅಂದಿದ್ದಳಂತೆ, ಪರೀಕ್ಷೆ ಇದೆ ಅಂತ ಅಪ್ಪ ಕರೆಸಲಿಲ್ಲವಂತೆ. ಅಷ್ಟು ವರ್ಷ ಆದ ಮೇಲೆ ಅವತ್ತು ನಾನು ಅಜ್ಜಿಗಾಗಿ ಅತ್ತೆ. ಕಿವುಡ ಮಗುವಿಗೆ ಸನ್ನೆ ಭಾಷೆ ಯಾಕೆ, ಮಾತು ಕಲಿಯಲಿ ಬಿಡಿ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಗಳು ಹುಟ್ಟಿದ್ದು ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದ ಕಾಲದಲ್ಲಿ. ತುಟಿಯೂ ಇಲ್ಲ! ಹೆರಿಗೆ ವಾರ್ಡಿನಲ್ಲಿ ನರ್ಸ್ ಏನೋ ಹೇಳುತ್ತಾರೆ, ಕಣ್ಣು ಮಾತ್ರ ಕಾಣುತ್ತದೆ, ಕೋಪದಲ್ಲಿದ್ದಾರೋ ಧೈರ್ಯ ಹೇಳುತ್ತಿದ್ದಾರೋ ಗೊತ್ತಿಲ್ಲ. ಯಜಮಾನರನ್ನು ಹೊರಗೆ ಕಳಿಸಿದ್ದರು. ಫೋನೂ ಬೇಡ ಅಂದರು. ನಾನು ಕೊಡಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲಿ ಸಂವಹನ ಅಂದರೆ ಸನ್ನೆ ಭಾಷೆಯೂ ಸೇರುತ್ತದೆ ಅಂತ ಮೊದಲೇ ಬರೆದು ಇಟ್ಟುಕೊಂಡಿದ್ದ ಚೀಟಿ ತೋರಿಸಿದೆ. ಕೊನೆಗೆ ಡಾಕ್ಟರ್ ಬಂದು ಓದಿ ಒಪ್ಪಿಕೊಂಡರು. ಪರಿಚಯದ ಇಂಟರ್‌ಪ್ರಿಟರ್ ವಿಡಿಯೋ ಕಾಲಿನಲ್ಲಿ ಉದ್ದಕ್ಕೂ ಜೊತೆಗಿದ್ದರು. ಆ ಚೀಟಿಯನ್ನು ಈಗ ಗರ್ಭಿಣಿಯರಾದ ಕಿವುಡ ಗೆಳತಿಯರಿಗೆಲ್ಲ ಕಳಿಸುತ್ತೇನೆ.

ಮಗುವಿನ ಅಳು ಹೇಗೆ ಗೊತ್ತಾಗುತ್ತೆ ಅಂತ ಜಾಸ್ತಿ ಜನ ಕೇಳುತ್ತಾರೆ. ರಾತ್ರಿ ಒಂದು ಕೈ ಅವಳ ಎದೆ ಮೇಲೆ ಇಟ್ಟು ಮಲಗುತ್ತಿದ್ದೆ, ಅಳು ಹೊರಡುವ ಮುಂಚೆಯೇ ಉಸಿರಿನ ಓಟ ಬದಲಾಗುತ್ತದೆ. ಅವಳಿಗೆ ಕಿವಿ ಕೇಳುತ್ತದೆ. ಬಾಯಲ್ಲಿ ಮಾತು ಬರುವ ಮುಂಚೆ ಕೈಯಲ್ಲಿ ಹಾಲು ಕೇಳಿದಳು. ಅಜ್ಜಿಯ ಜೊತೆ ಬಾಯಲ್ಲಿ, ನಮ್ಮ ಜೊತೆ ಕೈಯಲ್ಲಿ, ಎರಡೂ ಸರಾಗ. ಆದರೆ ಬ್ಯಾಂಕಿಗೆ, ಆಸ್ಪತ್ರೆಗೆ ಅವಳನ್ನು ದುಭಾಷಿ ಮಾಡಿಕೊಂಡು ಹೋಗುವುದಿಲ್ಲ. ಇದು ನಮ್ಮ ಮನೆಯ ಕಟ್ಟುನಿಟ್ಟು. ಮಗು ಮಗುವಾಗಿರಲಿ, ಇಂಟರ್‌ಪ್ರಿಟರ್ ಕೊಡುವುದು ಅವರ ಕೆಲಸ.

ಗೌರಿಬಿದನೂರು ತಾಲೂಕಿನಲ್ಲಿ ಅಲೀಪುರ ಅಂತ ಒಂದು ಊರಿದೆ. ತಲೆಮಾರುಗಳಿಂದ ಊರೊಳಗೇ ಸಂಬಂಧ ಬೆಳೆಸಿದ್ದರಿಂದ ಅಲ್ಲಿ ಕಿವುಡರು ಬಹಳ. ಹಾಗಾಗಿ ಆ ಊರಿಗೆ ತನ್ನದೇ ಸನ್ನೆ ಭಾಷೆ ಹುಟ್ಟಿಕೊಂಡಿದೆ, ಭಾಷಾ ವಿಜ್ಞಾನಿಗಳು ಅದನ್ನು ದಾಖಲು ಮಾಡಿದ್ದಾರೆ. ನಾನು ಹೋದಾಗ ಅಂಗಡಿಯವರು, ಕಿವಿ ಕೇಳುವವರೇ, ನಾನು ಕಿವುಡಿ ಅಂತ ಗೊತ್ತಾದ ಕೂಡಲೇ ಕೈಯಲ್ಲೇ ವ್ಯಾಪಾರ ಮಾಡಿದರು. ಅವರ ಸನ್ನೆ ನನ್ನದಕ್ಕಿಂತ ಬೇರೆ, ಆದರೂ ಚಿಲ್ಲರೆ ಎಷ್ಟು ಅಂತ ಯಾವ ಕಷ್ಟವೂ ಇಲ್ಲದೆ ಗೊತ್ತಾಯಿತು. ಹೀಗೂ ಒಂದು ಊರು ನಮ್ಮ ಕರ್ನಾಟಕದಲ್ಲೇ ಇದೆ ಅಂತ ನೋಡಿದ ಮೇಲೆ, ಕಷ್ಟ ನನ್ನ ಕಿವಿಯಲ್ಲಿ ಎಷ್ಟಿದೆ, ಸುತ್ತ ಇರುವವರಿಗೆ ಸನ್ನೆ ಬರದೇ ಇರುವುದರಲ್ಲಿ ಎಷ್ಟಿದೆ ಅಂತ ಯೋಚನೆ ಬರುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಇಂಟರ್‌ಪ್ರಿಟರ್ ಜೊತೆ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. ಮುಂದಿನ ವರ್ಷ ನಮ್ಮ ಹೈಕೋರ್ಟಿನಲ್ಲೂ ಸನ್ನೆಯಲ್ಲೇ ವಾದ ಮಂಡಿಸಿದರು. ನಮ್ಮ ಗ್ರೂಪುಗಳಲ್ಲಿ ಅವತ್ತು ಪೂರ್ತಿ ಅದೇ ಸುದ್ದಿ. ಎರಡು ಕೈ ಮೇಲೆತ್ತಿ ಅಲ್ಲಾಡಿಸುವುದು ನಮ್ಮ ಚಪ್ಪಾಳೆ, ಒಬ್ಬರಾದ ಮೇಲೆ ಒಬ್ಬರು ಹಾಗೆ ವಿಡಿಯೋ ಮಾಡಿ ಹಾಕಿದರು.

ಹಾಗಂತ ನಾನು ಮಿಷನ್ ಬೇಡ, ಆಪರೇಷನ್ ಬೇಡ ಅನ್ನುವವಳಲ್ಲ. ರಸ್ತೆಯಲ್ಲಿ ನಾನೂ ಹಿಯರಿಂಗ್ ಏಡ್ ಹಾಕಿಕೊಳ್ಳುತ್ತೇನೆ. ಆಪರೇಷನ್ ಮಾಡಿ ಕಿವಿಯೊಳಗೆ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದ ಮಕ್ಕಳೂ ನನ್ನ ಕ್ಲಾಸಿಗೆ ಬರುತ್ತಾರೆ. ನಾನು ಹೇಳುವುದು ಇಷ್ಟೇ: ಮಾತು ಬರಲಿ ಆಮೇಲೆ ನೋಡೋಣ ಅಂತ ಭಾಷೆಯನ್ನು ಕಾಯಿಸಬೇಡಿ. ಮೊದಲ ನಾಲ್ಕೈದು ವರ್ಷ ಯಾವ ಭಾಷೆಯೂ ಸಿಗದೆ ಹೋದರೆ ಮುಂದೆ ಯಾವ ಭಾಷೆ ಕಲಿಯುವುದೂ ಕಷ್ಟ. ನಾನು ಕನ್ನಡ ಬರೆಯುತ್ತಿರುವುದು ಸನ್ನೆ ಕೊಟ್ಟ ಬಲದ ಮೇಲೆ.

ಎಲ್ಲಿಂದ ಶುರು ಮಾಡಬೇಕು ಅನ್ನುವವರಿಗೆ: 2015ರಲ್ಲಿ ಶುರುವಾದ ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದವರ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ಎಲ್ಲ ವಿಡಿಯೋದಲ್ಲಿ, ಯೂಟ್ಯೂಬಿನಲ್ಲಿ ಪುಕ್ಕಟೆ. ಆದರೆ ವಿಡಿಯೋ ಮಾತ್ರ ಸಾಲದು, ಹತ್ತಿರದಲ್ಲಿ ದೊಡ್ಡ ಕಿವುಡರು ಯಾರಿದ್ದಾರೆ ಹುಡುಕಿ, ಮಗು ಅವರನ್ನು ನೋಡಿ ಬೆಳೆಯಲಿ. ಊಟ, ನೀರು, ನೋವು, ಬೇಡ, ಇವು ಮೊದಲ ವಾರ. ಎರಡನೇ ವಾರ "ಯಾಕೆ" ಕಲಿಯಿರಿ, ಕಲಿಸಿ. ಮಗು ಯಾಕೆ ಅಂತ ಕೇಳಲು ಶುರು ಮಾಡಿದರೆ ಉತ್ತರ ಹೇಳಲು ನೀವು ಓಡಿ ಓಡಿ ಕಲಿಯುತ್ತೀರಿ, ನನ್ನ ಕ್ಲಾಸಿನಲ್ಲಿ ಹಾಗೇ ಆಗುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಓದು ಬರಹ ಬರಬೇಕಾಗಿಲ್ಲ.