ಸೆಕೆಂಡ್ ಹ್ಯಾಂಡ್ ಲೇಸರ್ ದೋಣಿ ತಗೊಳ್ತೀರಾ? ಮೊದಲು ಆ ತೂತಿಗೆ ನೀರು ಹೊಯ್ಯಿರಿ

ಚಂದ್ರಗಿರಿ ಹೊಳೆಯಲ್ಲಿ ಒಬ್ಬರೇ ಹಾಯಿ ಬಿಚ್ಚಿ ಹೋಗ್ಬೇಕು ಅಂತ ಆಸೆ ಇದ್ದ ನಮ್ಮ ದೋಸ್ತಿಯೊಬ್ರು ದೂರದ ಊರಿಂದ ಪಳಪಳ ಪೈಂಟಿನ ಲೇಸರ್ ತಂದ್ರು, ಅಂದ್ರೆ ಒಬ್ಬರೇ ಓಡಿಸುವ ಸಣ್ಣ ಹಾಯಿದೋಣಿ. ಎರಡನೇ ವಾರಕ್ಕೆ ಮಾಸ್ಟ್, ಅಂದ್ರೆ ಹಾಯಿ ಕಟ್ಟುವ ಕಂಬ, ಡೆಕ್ಕನ್ನೇ (ದೋಣಿಯ ಮೇಲ್ಭಾಗ) ಹರ್ಕೊಂಡು ಬಿತ್ತು ಮಾರಾಯ್ರೆ. ಅದಕ್ಕೇ ಇದು.

ಮೊದಲು ಸೈಜ್. ಲೇಸರಿಗೆ 2019ರಿಂದ ಇಲ್ಕಾ ಅಂತ ಹೆಸರು. ಉದ್ದ 4.23 ಮೀಟರ್, ಇಲ್ಕಾ 4, 6, 7 ಅಂತ ಮೂರು ಬಗೆ, ನಂಬರ್ ದೊಡ್ಡದಾದ ಹಾಗೆ ಹಾಯಿಯೂ ದೊಡ್ಡದು. ಹಲ್ (ದೋಣಿಯ ಒಡಲು) ಎಲ್ಲಾದಕ್ಕೂ ಒಂದೇ, ಹಾಯಿ ಮತ್ತೆ ಮಾಸ್ಟಿನ ಕೆಳಗಿನ ತುಂಡು ಮಾತ್ರ ಬೇರೆ. ನಾನಾದ್ರೆ ಇಲ್ಕಾ 6 ತಗೊಳ್ತೇನೆ, ಚೆನ್ನೈಯ ನೇತ್ರಾ ಕುಮನನ್ ಟೋಕಿಯೋ ಒಲಿಂಪಿಕ್ಸಲ್ಲಿ ಓಡಿಸಿದ್ದೂ ಅದನ್ನೇ, ಆಗ ರೇಡಿಯಲ್ ಅಂತಿದ್ರು. ಶುರುವಿಗೇ ದೊಡ್ಡ ಹಾಯಿ ಬೇಡ.

ಈಗ ಮುಖ್ಯ ಕೆಲಸ. ಮಾಸ್ಟ್ ನಿಲ್ಲುವ ಹೊಂಡವನ್ನು ಸ್ಪಂಜಿಂದ ಒರೆಸಿ, ಬಾಯಿವರೆಗೆ ನೀರು ತುಂಬಿಸಿ, ಪೆನ್ನಲ್ಲಿ ಗೆರೆ ಹಾಕಿ ಕಾಲು ಗಂಟೆ ಕೂತ್ಕೊಳ್ಳಿ. ಮಾರುವವ್ರು ಚಾ ಕುಡಿಯುವ ಬನ್ನಿ ಅಂತ ಕರೀತಾರೆ, ಹೋಗ್ಬೇಡಿ. ನೀರು ಇಳಿದ್ರೆ ಹಲ್‌ನ ಒಳಗೆ ಹೋಗ್ತಾ ಉಂಟು ಅಂತ ಅರ್ಥ. ಆಮೇಲೆ ಟಾರ್ಚ್ ಹಾಕಿ ತಳ ನೋಡಿ, ಮರಳು ಕೂತು ಮಾಸ್ಟ್ ತಿರುಗಿ ತಿರುಗಿ ಅಲ್ಲಿ ಸವೆದಿರ್ತದೆ. ಕೆಳಗಿನ ತುಂಡನ್ನು ಒಳಗೆ ಇಟ್ಟು ನಾಲ್ಕೂ ದಿಕ್ಕಿಗೆ ದೂಡಿ, ಸುತ್ತ ಡೆಕ್ ಅಲುಗಿದ್ರೆ, ಕಟಕಟ ಅಂದ್ರೆ ಅದು ಬೇಡ. ಸುತ್ತ ಬಿಳಿ ಸಿಲಿಕಾನ್ ಮೆತ್ತಿದ್ರಂತೂ ತಕ್ಷಣ ಎದ್ದು ಬನ್ನಿ, ಅದು ರಿಪೇರಿ ಅಲ್ಲ, ಮುಚ್ಚಿಡುವುದು, ಮತ್ತೆ ಅದ್ರ ಮೇಲೆ ರಿಪೇರಿಯ ಎಪಾಕ್ಸಿ ಅಂಟೂ ಹಿಡಿಯುವುದಿಲ್ಲ.

ತೂಕ ನೋಡ್ಲೇಬೇಕು. ಬರೀ ಹಲ್ ಸುಮಾರು 59 ಕೆಜಿ ಇರ್ಬೇಕು. ಅಡಿಕೆ ಗೋಣಿ ತೂಗುವ ಕೊಕ್ಕೆ ತಕ್ಕಡಿ ತಗೊಂಡು ಹೋಗಿ, ನಾಚಿಕೆ ಎಂತದ್ದು? ಐದಾರು ಕೆಜಿ ಜಾಸ್ತಿ ಬಂದ್ರೆ ಒಳಗಿನ ಫೋಮು ನೀರು ಕುಡಿದಿರಬಹುದು.

ಸಂದೇಹ ಇದ್ರೆ ಇನ್ನೊಂದು ಉಂಟು: ಕಾಕ್‌ಪಿಟ್, ಅಂದ್ರೆ ಕಾಲಿಡುವ ಗುಂಡಿ, ಅದರ ಎದುರು ಗೋಡೆಯ ಸಣ್ಣ ಗಾಳಿ ತೂತಿಗೆ ಟೇಪ್ ಹಾಕಿ, ಹಿಂದಿನ ಡ್ರೈನ್ ತೂತಿನಿಂದ ಬಾಯಲ್ಲೇ ಊದಿ, ಅಂಚಿಗೆಲ್ಲ ಸಾಬೂನು ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಲೀಕ್. ಸೈಕಲ್ ಪಂಪ್ ಹಾಕುವ ಜಾಣರಿದ್ದಾರೆ, ಜಾಯಿಂಟೇ ಬಿಟ್ಟೋಗ್ತದೆ.

ಮಾಸ್ಟ್ ತುಂಡುಗಳನ್ನು ಸಿಮೆಂಟ್ ನೆಲದಲ್ಲಿ ಉರುಳಿಸಿ, ಕುಣಿದ್ರೆ ಬಗ್ಗಿದೆ ಅಂತ. ರಿವೆಟ್ ಸುತ್ತ ಬಿಳಿ ಪುಡಿ ಇದ್ಯಾ ನೋಡಿ, ಇದ್ರೆ ಅಲ್ಲಿ ಲೋಹ ತುಕ್ಕು ತಿಂದಿದೆ ಅಂತ. ಚುಕ್ಕಾಣಿ, ಡ್ಯಾಗರ್‌ಬೋರ್ಡ್ (ದೋಣಿಯ ನಡುವಿಂದ ನೀರಿಗೆ ಇಳಿಸುವ ಹಲಗೆ) ನೆಟ್ಟಗಿದ್ರೆ ಸಾಕು. ಹಾಯಿ ಹಳೆ ಪಂಚೆ ಹಾಗೆ ಮೆತ್ತಗಾಗಿದ್ರೆ ರೇಟು ಇಳಿಸಿ, ಪ್ರಾಕ್ಟೀಸಿಗೆ ಕಡಿಮೆ ರೇಟಿನ ನಕಲಿ ಹಾಯಿ ಆಗ್ತದೆ, ರೇಸಿಗೆ ಬಿಡುವುದಿಲ್ಲ.

ಕೊನೆಗೆ ಹಲ್ ನಂಬರ್, ಹಾಯಿ ನಂಬರ್ ತಾಳೆ ನೋಡಿ ದುಡ್ಡು ಕೊಡಿ. ಪಿಕಪ್ಪಲ್ಲಿ ತರುವಾಗ ಡೆಕ್ ಕೆಳಗೆ ಮಾಡಿ, ಅಡಿಗೆ ಹಳೇ ಹಾಸಿಗೆ ಹಾಕಿ.