ಸಾಕುಹಾವು ತಿಂದದ್ದನ್ನು ಕಕ್ಕಿದರೆ, ಮಲ ಕಟ್ಟಿಕೊಂಡರೆ

ಹಾವು ಇಲಿಯನ್ನು ಕಕ್ಕಿಬಿಟ್ಟರೆ ಸಾಕಿದವರಿಗೆ ಮೊದಲು ಅನ್ನಿಸುವುದು, ಪಾಪ ಹಸಿದಿರುತ್ತದೆ, ಇನ್ನೊಂದು ಕೊಡೋಣ ಎಂದು. ದಯವಿಟ್ಟು ಕೊಡಬೇಡಿ. ಒಂದು ಸಲ ಕಕ್ಕಿದ ಆರೋಗ್ಯವಂತ ಹಾವು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಅವಸರದಲ್ಲಿ ಮತ್ತೆ ತಿನ್ನಿಸಿ, ಅದೂ ಹೊರಬಂದಾಗಲೇ ಸೊರಗುವುದು. ಕಕ್ಕುವಾಗ ಜಠರದ ಆಮ್ಲ, ನೀರು, ಲವಣಗಳು ನಷ್ಟವಾಗುತ್ತವೆ, ಅನ್ನನಾಳದ ಒಳಪದರಕ್ಕೆ ಆಮ್ಲ ತಗುಲಿ ಗಾಸಿಯಾಗುತ್ತದೆ. ಅದು ಮಾಯಲು ದಿನಗಳು ಬೇಕು.

ಆಹಾರದ ಯೋಚನೆ ಬಿಟ್ಟು ಮೊದಲು ಪೆಟ್ಟಿಗೆಯ ಶಾಖ ಅಳೆಯಿರಿ. ಹಾವಿನ ಜೀರ್ಣರಸಗಳು ಕೆಲಸ ಮಾಡುವುದು ಹೊರಗಿನಿಂದ ಸಿಕ್ಕುವ ಶಾಖದ ಬಲದಿಂದ. ಅದು ಸಾಲದಿದ್ದರೆ ನುಂಗಿದ ಇಲಿ ಕರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆಯತೊಡಗುತ್ತದೆ, ಗಾಳಿ ತುಂಬಿ ಉಬ್ಬುತ್ತದೆ, ಕೊನೆಗೆ ಹಾವು ಅದನ್ನು ಹೊರಹಾಕುತ್ತದೆ. ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವಿಗೆ ಪೆಟ್ಟಿಗೆಯ ಬಿಸಿ ಬದಿ 31–33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25–27 ಇರಲಿ. ಕಾರ್ನ್ ಸ್ನೇಕ್ ಎಂಬ ತೆಳು ಮೈಯ ಸಾಕುಹಾವಿಗೆ ಬಿಸಿ ಬದಿ 29–31, ತಂಪು ಬದಿ 22–25 ಸಾಕು. ಗೋಡೆಗೆ ಅಂಟಿಸುವ ಮುಳ್ಳಿನ ಮೀಟರನ್ನು ನಂಬಬೇಡಿ, ಅದು ತೋರಿಸುವುದು ಮೇಲಿನ ಗಾಳಿಯ ಶಾಖವನ್ನು. ಡಿಜಿಟಲ್ ಥರ್ಮಾಮೀಟರಿನ ತಂತಿಯ ತುದಿಯನ್ನು ಹಾವು ಮಲಗುವ ಜಾಗದಲ್ಲೇ, ನೆಲಮಟ್ಟದಲ್ಲಿ ಇಡಿ. ಕನಿಷ್ಠ–ಗರಿಷ್ಠ ನೆನಪಿಟ್ಟುಕೊಳ್ಳುವ ಮೀಟರ್ ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಹಗಲು ಸರಿಯಿದ್ದ ಶಾಖ ರಾತ್ರಿ ಬಿದ್ದುಹೋಗಿರುವುದು ಬಹಳ ಸಾಮಾನ್ಯ. ಅತಿ ಬಿಸಿಯಾದರೂ ಹಾವು ಕಕ್ಕುತ್ತದೆ. ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ (ಪೆಟ್ಟಿಗೆಯನ್ನು ಬಿಸಿಮಾಡುವ ವಿದ್ಯುತ್ ಹಾಸು) ಹೊಟ್ಟೆಯ ಚರ್ಮವನ್ನೇ ಸುಡಬಹುದು.

ಹಲವರ ಕಣ್ಣಿಗೆ ಬೀಳದ ಇನ್ನೊಂದು ಕಾರಣವಿದೆ. ಅಡಗಲು ಗೂಡು ತಂಪು ಬದಿಯಲ್ಲಿ ಮಾತ್ರ ಇದ್ದರೆ ಅಂಜುಬುರುಕ ಹಾವು ಶಾಖವನ್ನು ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ. ಮೀಟರ್ ಸರಿಯಾಗಿಯೇ ತೋರಿಸುತ್ತದೆ, ಹಾವು ಮಾತ್ರ ತಣ್ಣಗಿರುತ್ತದೆ. ಎರಡೂ ಬದಿಗೆ ಒಂದೊಂದು ಗೂಡು ಇಡಿ.

ಶಾಖ ಸರಿಯಿದ್ದರೆ ಊಟದ ಕಡೆ ನೋಡಿ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ಇರಬೇಕು, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು. ಫ್ರೀಜರಿನ ಇಲಿ ಹೊರಗೆ ಮೆತ್ತಗಾಗಿದ್ದರೂ ಒಳಗೆ ಗಡ್ಡೆಕಟ್ಟಿರಬಹುದು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿಸಿ, ಕೊಡುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಮುಳುಗಿಸಿ, ಹೊಟ್ಟೆಯನ್ನು ಒತ್ತಿ ನೋಡಿ. ಮೈಕ್ರೋವೇವ್ ಬೇಡ. ತಿಂದ ಮೇಲೆ ಕನಿಷ್ಠ 48 ಗಂಟೆ, ದೊಡ್ಡ ಊಟವಾದರೆ ಉಬ್ಬು ಇಳಿಯುವವರೆಗೆ, ಕೈಗೆತ್ತಿಕೊಳ್ಳಬಾರದು.

ಕಕ್ಕಿದ ವಸ್ತುವೇ ಸುಳಿವು ಕೊಡುತ್ತದೆ. ಕೆಲವೇ ಗಂಟೆಗಳಲ್ಲಿ, ಇಲಿ ಇದ್ದ ಹಾಗೇ ಹೊರಬಂದಿದ್ದರೆ ಗಾಬರಿ, ಮುಟ್ಟಿದ್ದು ಅಥವಾ ದೊಡ್ಡ ಗಾತ್ರದ ಮೇಲೆ ಮೊದಲ ಅನುಮಾನ. ಎರಡು ಮೂರು ದಿನದ ಮೇಲೆ ಅರೆಬರೆ ಕರಗಿ, ಗಬ್ಬುನಾತದೊಂದಿಗೆ ಬಂದಿದ್ದರೆ ಶಾಖದ ಕೊರತೆ ಇಲ್ಲವೇ ಕಾಯಿಲೆ.

ಇನ್ನು ಮಾಡಬೇಕಾದದ್ದು. ಪೆಟ್ಟಿಗೆಯನ್ನು ಪೂರ್ತಿ ತೊಳೆಯಿರಿ, ಹೊಸ ನೀರಿಡಿ, ಹಾವಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ 10ರಿಂದ 14 ದಿನ ಏನೂ ಕೊಡಬೇಡಿ, ಮುಟ್ಟಲೂ ಬೇಡಿ. ನಂತರದ ಮೊದಲ ಊಟ ಮಾಮೂಲಿಯ ಅರ್ಧದಷ್ಟು ಅಥವಾ ಅದಕ್ಕಿಂತ ಚಿಕ್ಕದಿರಲಿ. ಅದು ಅರಗಿದರೆ ಸುಮಾರು 10 ದಿನ ಬಿಟ್ಟು ಮತ್ತೆ ಅಷ್ಟೇ. ಹೀಗೆ ಮೂರು ನಾಲ್ಕು ಊಟ ದಕ್ಕಿದ ಮೇಲೆ ಗಾತ್ರವನ್ನು ನಿಧಾನವಾಗಿ ಏರಿಸಿ. ಆಗಷ್ಟೇ ಹುಟ್ಟಿದ ಚಿಕ್ಕ ಮರಿಗಳಲ್ಲಿ ಸಂಗ್ರಹ ಕಡಿಮೆ, ಅವು ಬಾಡತೊಡಗಿದರೆ ದಿನ ಎಣಿಸುತ್ತ ಕೂರದೆ ವೈದ್ಯರಿಗೆ ತೋರಿಸಿ. ಬಲವಂತವಾಗಿ ತಿನ್ನಿಸುವುದು ಯಾವ ವಯಸ್ಸಿಗೂ ಮನೆಯಲ್ಲಿ ಮಾಡುವ ಕೆಲಸವಲ್ಲ.

ಮಲ ಹೋಗದಿದ್ದಾಗ ಆತುರ ಕಡಿಮೆ ಇರಲಿ. ಬಾಲ್ ಪೈಥಾನ್ ವಾರಗಟ್ಟಲೆ ಮಲ ಹಾಕದಿರುವುದುಂಟು, ಮರದ ಮೇಲೆ ಬದುಕುವ ಪೈಥಾನ್‌ಗಳು ಅದಕ್ಕೂ ಹೆಚ್ಚು ಕಾಲ. ಪೊರೆ ಬಿಡುವವರೆಗೆ ಹಿಡಿದಿಟ್ಟುಕೊಂಡು ಆಮೇಲೆ ಹಾಕುವ ಹಾವುಗಳೂ ಇವೆ. ಬಾಲದ ಕಡೆ ಗಟ್ಟಿ ಉಬ್ಬು ಕಾಣಿಸಿಕೊಂಡು, ಹಾವು ಊಟ ಬಿಟ್ಟರೆ ಚಿಂತಿಸಬೇಕು. ನೀರು ಸಾಲದಿದ್ದಾಗ ಯೂರೇಟ್, ಅಂದರೆ ಮಲದ ಜತೆ ಬರುವ ಸುಣ್ಣದಂಥ ಬಿಳಿ ಭಾಗ, ಗಟ್ಟಿ ಹಳದಿ ಗಡ್ಡೆಯಾಗಿ ದಾರಿ ಕಟ್ಟುತ್ತದೆ. ಊಟದ ಜತೆ ನುಂಗಿದ ಮರದ ಚೂರು, ಮರಳೂ ಹಾಗೇ ಮಾಡಬಹುದು. ಮುಚ್ಚಳವಿರುವ, ಗಾಳಿಯಾಡುವ ಡಬ್ಬಿಯಲ್ಲಿ 28–30 ಡಿಗ್ರಿಯ ನೀರನ್ನು ಹಾವಿನ ಮೈಯ ಅರ್ಧ ಎತ್ತರಕ್ಕೆ ತುಂಬಿ, 15–20 ನಿಮಿಷ ಅದರಲ್ಲಿ ಬಿಡಿ. ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ. ಕೆಲವು ದಿನ ಹೀಗೆ ಮಾಡಿಯೂ ಫಲವಿಲ್ಲದಿದ್ದರೆ ನಿಲ್ಲಿಸಿ. ಬಾಯಿಗೆ ಎಣ್ಣೆ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಉಬ್ಬನ್ನು ಬೆರಳಿನಿಂದ ಒತ್ತಿ ತಳ್ಳಬೇಡಿ, ಕರುಳು ಹರಿಯಬಹುದು. ಅದು ಮೊಟ್ಟೆಯೋ ಗೆಡ್ಡೆಯೋ ಎಂದು ಎಕ್ಸ್‌ರೇ ಇಲ್ಲದೆ ಹೇಳಲಾಗದು.

ಸತತ ಎರಡು ಸಲ ಕಕ್ಕಿದರೆ, ಮಲದಲ್ಲಿ ರಕ್ತ ಅಥವಾ ಲೋಳೆ ಇದ್ದರೆ, ತೂಕ ಹತ್ತನೇ ಒಂದು ಭಾಗ ಇಳಿದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಹೋಗಿ. ಗುದದ್ವಾರದಿಂದ ಕೆಂಪು ಮಾಂಸ ಹೊರಬಂದಿದ್ದರೆ ಅದನ್ನು ಸಲೈನ್‌ನಿಂದ ಒದ್ದೆಯಾಗಿಟ್ಟು ಅದೇ ದಿನ ಹೊರಡಿ. ಊಟವಿಲ್ಲದಿದ್ದರೂ ಮೈಯ ನಡುಭಾಗ ಊದಿಕೊಂಡಿದ್ದು, ತಿಂದದ್ದನ್ನೆಲ್ಲ ಕಕ್ಕುತ್ತಿದ್ದರೆ ಕ್ರಿಪ್ಟೋಸ್ಪೋರಿಡಿಯಮ್ ಇರಬಹುದು. ಜಠರದ ಗೋಡೆಯನ್ನು ದಪ್ಪಗಾಗಿಸುವ ಈ ಪರಾವಲಂಬಿಗೆ ಖಚಿತ ಚಿಕಿತ್ಸೆಯಿಲ್ಲ, ಬ್ಲೀಚಿಗೂ ಸುಲಭವಾಗಿ ಸಾಯುವುದಿಲ್ಲ. ಅನುಮಾನ ಬಂದ ದಿನವೇ ಆ ಹಾವನ್ನು ಬೇರೆ ಕೋಣೆಗೆ ಸಾಗಿಸಿ, ಅದರ ಚಿಮಟ, ನೀರಿನ ಬಟ್ಟಲನ್ನು ಬೇರೆ ಹಾವಿಗೆ ಬಳಸಬೇಡಿ, ಅದರ ಕೆಲಸವನ್ನು ದಿನದ ಕೊನೆಗೆ ಮಾಡಿ. ಹಾವುಗಳಲ್ಲಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮನುಷ್ಯರಿಗೂ ಹರಡುವುದರಿಂದ ಪ್ರತಿ ಸಲ ಸೋಪಿನಿಂದ ಕೈ ತೊಳೆಯಿರಿ.

ಹುಳುವಿನ ಔಷಧಿ, ಮೆಟ್ರೋನಿಡಜೋಲ್ ಮುಂತಾದವನ್ನು ಊಹೆಯಿಂದ ಕೊಡಬೇಡಿ. ಪ್ರಮಾಣ ಮೀರಿದರೆ ಮೆಟ್ರೋನಿಡಜೋಲ್ ಹಾವಿನ ನರಗಳಿಗೆ ಹಾನಿ ಮಾಡುತ್ತದೆ. ಬದಲಿಗೆ ತಾಜಾ ಮಲವನ್ನು, ಕಕ್ಕಿದ್ದನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಮುಚ್ಚಿ, ತಣ್ಣಗಿಟ್ಟು 24 ಗಂಟೆಯೊಳಗೆ ವೈದ್ಯರಿಗೆ ತಲುಪಿಸಿ. ಒಂದು ಮಾದರಿಯಲ್ಲಿ ಏನೂ ಕಾಣದಿದ್ದರೆ ಇನ್ನೊಂದೆರಡು ಸಲ ಪರೀಕ್ಷಿಸಲು ಕೇಳಿ, ಏಕೆಂದರೆ ಕ್ರಿಪ್ಟೋಸ್ಪೋರಿಡಿಯಮ್ ಪ್ರತಿ ಮಲದಲ್ಲೂ ಬರುವುದಿಲ್ಲ.