ಪೌಷ್ಟಿಕ ಪುನಶ್ಚೇತನ ಕೇಂದ್ರ ಚೆನ್ನಾಗಿ ನಡೆಯುತ್ತಿದೆಯೇ? ಬಿಟ್ಟುಹೋದ ಮಕ್ಕಳನ್ನು ಮೊದಲು ಎಣಿಸಿ

ನಾನು ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಅಂಗನವಾಡಿ ಮೇಲ್ವಿಚಾರಕಿ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಅಂದರೆ ಎನ್‌ಆರ್‌ಸಿಗೆ ಕಳಿಸುವುದು ನಮ್ಮ ಕೆಲಸ. ಮೀಟಿಂಗ್‌ನಲ್ಲಿ ಎಲ್ಲರೂ ಕೇಳುವುದು ಎಷ್ಟು ಮಕ್ಕಳು ದಾಖಲಾದರು ಅಂತ. ಅದರಿಂದ ಹಾಸಿಗೆ ತುಂಬಿದ್ದು ಗೊತ್ತಾಗುತ್ತದೆ, ಅಷ್ಟೇ.

ಮೂರು ತಿಂಗಳ ರಿಜಿಸ್ಟರ್ ತೆಗೆಯಿರಿ. ಇನ್ನೂ ಒಳಗಿರುವ ಮಕ್ಕಳನ್ನು ಬಿಡಿ. ದೊಡ್ಡಾಸ್ಪತ್ರೆಗೆ ಕಳಿಸಿದವರನ್ನು ಬೇರೆ ಬರೆದಿಡಿ. ಉಳಿದವರು ಗುಣವಾದವರು, ತೀರಿಕೊಂಡವರು, ನಡುವೆ ಬಿಟ್ಟುಹೋದವರು, ಪೂರ್ತಿ ಇದ್ದೂ ಚೇತರಿಸದವರು. ಈ ನಾಲ್ಕೂ ಸೇರಿದ ಸಂಖ್ಯೆಯಿಂದಲೇ ಭಾಗಿಸಬೇಕು.

ಹೊರಬಂದವರು 40 ಅಂದುಕೊಳ್ಳಿ. ಗುಣವಾದವರು 28, ತೀರಿಕೊಂಡದ್ದು 1, ಬಿಟ್ಟುಹೋದವರು 8, ಚೇತರಿಸದವರು 3. ಗುಣವಾದವರು ಶೇ 70, ಬಿಟ್ಟವರು ಶೇ 20. ಸ್ಫಿಯರ್ ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಗುಣವಾದವರು ಶೇ 75ಕ್ಕಿಂತ ಜಾಸ್ತಿ, ಸಾವು ಶೇ 10ಕ್ಕಿಂತ ಕಡಿಮೆ, ಬಿಟ್ಟವರು ಶೇ 15ಕ್ಕಿಂತ ಕಡಿಮೆ ಇರಬೇಕು. ಸಾವು ಬಿಟ್ಟರೆ ಉಳಿದೆರಡರಲ್ಲೂ ಈ ಕೇಂದ್ರ ಹಿಂದೆ. ಆದರೆ "ಅವರು ತಾವಾಗೇ ಹೋದರು" ಅಂತ ಆ 8 ಮಕ್ಕಳನ್ನು ಲೆಕ್ಕದಿಂದ ತೆಗೆದರೆ 32ರಲ್ಲಿ 28, ಅಂದರೆ ಶೇ 87.5! ವರದಿ ಸುಂದರ, ಮಕ್ಕಳು ಅಲ್ಲೇ.

ಆದ್ದರಿಂದ ಬಿಟ್ಟುಹೋದವರ ಪಟ್ಟಿಯ ಮೇಲೆ ಜಾಸ್ತಿ ಹೊತ್ತು ಕೂರಿ. ಪ್ರತಿ ಹೆಸರಿನ ಮುಂದೆ ಎಷ್ಟನೇ ದಿನ ಹೋದರು, ಯಾವ ಊರು ಅಥವಾ ತಾಂಡಾ, ಯಾವ ತಿಂಗಳು ಅಂತ ಬರೆಯಿರಿ. ಎನ್‌ಆರ್‌ಸಿಯಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕು. ತಾಯಿಗೆ ಕೂಲಿ ನಷ್ಟದ ಹಣ ಕೊಟ್ಟರೂ, "ಮನ್ಯಾಗ ಇನ್ನ ಎರಡು ಹುಡುಗರದಾವ್ರೀ, ಯಾರ್ ನೋಡ್ತಾರ?" ಅನ್ನುತ್ತಾರೆ. ಆ ಪ್ರಶ್ನೆಗೆ ಹಣ ಉತ್ತರ ಅಲ್ಲ. ಹತ್ತಿ ಬಿಡಿಸುವ ಕಾಲ, ಗುಳೆ ಹೋಗುವ ಕಾಲ ಬಂತೆಂದರೆ ಪಟ್ಟಿ ಉದ್ದವಾಗುವುದು ಕಣ್ಣಿಗೇ ಕಾಣುತ್ತದೆ. ಬೆಂಗಳೂರಿಗೋ ಮುಂಬೈಗೋ ಹೋದ ಮಗುವನ್ನು ಸುಮ್ನೆ "ಗೈರು" ಅಂತ ಬರೆಯಬೇಡಿ. ಕಾರಣ ಬರೆಯಿರಿ, ಆಶಾ ಕಾರ್ಯಕರ್ತೆಯನ್ನು ಕೇಳಿ ಫೋನ್ ನಂಬರ್ ಇಟ್ಟುಕೊಳ್ಳಿ.

ತೂಕದ ಲೆಕ್ಕ ಸುಲಭ. 6 ಕೆಜಿ ಇದ್ದ ಮಗು 14 ದಿನಕ್ಕೆ 6.9 ಕೆಜಿ ಆದರೆ, ಏರಿದ 900 ಗ್ರಾಂ ಅನ್ನು 6 ಗುಣಿಸು 14ರಿಂದ ಭಾಗಿಸಿ. ದಿನಕ್ಕೆ ಪ್ರತಿ ಕೆಜಿಗೆ 10.7 ಗ್ರಾಂ. 10 ದಾಟಿದರೆ ಚೆನ್ನಾಗಿದೆ, 5ಕ್ಕಿಂತ ಕೆಳಗಾದರೆ ಊಟವೋ ಸೋಂಕೋ ಏನೋ ಸರಿಯಿಲ್ಲ. ಕಾಲು ಬಾತಿರುವ ಮಕ್ಕಳನ್ನು ಈ ಸರಾಸರಿಗೆ ಸೇರಿಸಬೇಡಿ. ನೀರು ಇಳಿದಾಗ ಅವರ ತೂಕ ಮೊದಲು ಕಡಿಮೆಯಾಗುತ್ತದೆ.

ಕೊನೆಗೆ, ಕೇಂದ್ರಕ್ಕೆ ಬರದೇ ಇರುವವರು. ಒಂದು ಹಳ್ಳಿ ಆರಿಸಿ, ತೋಳಿನ ಸುತ್ತಳತೆ ಅಳೆಯುವ ಪಟ್ಟಿ ಹಿಡಿದು ಮನೆಮನೆಗೆ ಹೋಗಿ. 6ರಿಂದ 59 ತಿಂಗಳ ಮಕ್ಕಳಲ್ಲಿ ತೋಳು 11.5 ಸೆಂ.ಮೀ.ಗಿಂತ ಸಣ್ಣ ಇರುವವರನ್ನು ಗುರುತು ಮಾಡಿಕೊಳ್ಳಿ. ಅಂಥವರು 10 ಜನ ಸಿಕ್ಕು, ಚಿಕಿತ್ಸೆಯಲ್ಲಿ ಇರುವವರು 4 ಆದರೆ ವ್ಯಾಪ್ತಿ ಶೇ 40. ಹಳ್ಳಿಗಳಲ್ಲಿ ಅದು ಶೇ 50 ದಾಟಬೇಕು. ಉಳಿದ 6 ಮಕ್ಕಳ ಹೆಸರನ್ನು ಅವತ್ತೇ ಅಂಗನವಾಡಿ ಕಾರ್ಯಕರ್ತೆಗೆ ಕೊಡಿ. ಗುಳೆ ಶುರುವಾಗುವ ಮುಂಚಿನ ತಿಂಗಳಲ್ಲಿ ಇದನ್ನು ಮಾಡಿ, ಆಮೇಲೆ ಹೋದರೆ ಮನೆಗಳಿಗೆ ಬೀಗ ಇರುತ್ತದೆ.